ನೀರೊಳಗೆ ಕಿಡಿ: ಹಳೆಯ ಯಾಗ್ ಲೇಸರ್ ರಿಪೇರಿ ಮತ್ತು ಮೊದಲ ಎಲೆಕ್ಟ್ರಾನ್‌ನ ಹುಡುಕಾಟ

ಪೊರೆ ಆಪರೇಷನ್ ಆದ ಕೆಲವರಿಗೆ ಸ್ವಲ್ಪ ಕಾಲ ಕಳೆದ ಮೇಲೆ ಕಣ್ಣು ಮತ್ತೆ ಮಂಜಾಗುತ್ತದೆ. ಒಳಗೆ ಕೂರಿಸಿದ ಲೆನ್ಸ್‌ನ ಹಿಂದಿರುವ ತೆಳು ಪದರ ಬೆಳ್ಳಗಾಗಿರುತ್ತದೆ. ಕಣ್ಣು ಕೊಯ್ಯದೆ ಆ ಪದರಕ್ಕೆ ಕಿಂಡಿ ಮಾಡುವ ಯಂತ್ರವೇ ಯಾಗ್ ಲೇಸರ್. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಆಸ್ಪತ್ರೆ ಉಪಕರಣ ರಿಪೇರಿ ಮಾಡುವ ನನ್ನ ಬೆಂಚಿಗೆ ಅಂಥದ್ದೊಂದು ಹಳೆಯ ಯಂತ್ರ ಬಂತು. ಗುಜರಿಗೆ ಹೋಗಬೇಕಿತ್ತು, ಕೇಳಿ ತಂದೆ. ರೋಗಿಗಳಿಗೆ ಇದನ್ನು ಮತ್ತೆ ಬಳಸುವ ಮಾತೇ ಇಲ್ಲ. ನನಗೆ ಬೇಕಾಗಿದ್ದು ಅದು ಕಣ್ಣೊಳಗೆ ಮಾಡುವ ಕೆಲಸವನ್ನು ಗಾಜಿನ ತೊಟ್ಟಿಯಲ್ಲಿ ನೋಡುವುದು. ಅಂದರೆ ನೀರಿನ ನಡುವೆ, ಯಾವ ತಂತಿಯೂ ಇಲ್ಲದೆ, ಬರೀ ಬೆಳಕಿನಿಂದ ಪ್ಲಾಸ್ಮಾ (ಎಲೆಕ್ಟ್ರಾನ್‌ಗಳು ಕಳಚಿ ಬಿಡಿಯಾದ ಸ್ಥಿತಿ) ಹುಟ್ಟಿಸುವುದು.

ಅಕ್ಕನ ಮಗಳು ತೋಳಹುಣಸೆಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದಾಳೆ. ಅತಿ ಚಿಕ್ಕ ಲೇಸರ್ ಪಲ್ಸ್‌ಗಳು ನೀರಿನಲ್ಲಿ ಪ್ಲಾಸ್ಮಾ ಮಾಡುವ ಬಗೆ ಅವಳ ಸೆಮಿನಾರ್ ವಿಷಯ. ಫೆಮ್ಟೋಸೆಕೆಂಡ್ ಲೇಸರ್ ನನ್ನಂಥವರ ಕೈಗೆ ಸಿಗುವ ವಸ್ತುವಲ್ಲ. ಈ ಯಂತ್ರದ್ದು 4 ನ್ಯಾನೋಸೆಕೆಂಡ್ ಪಲ್ಸ್, ಅಂತ ಹಿಂಬದಿಯ ಫಲಕದಲ್ಲಿದೆ. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು, ಫೆಮ್ಟೋಸೆಕೆಂಡ್ ಅಂದರೆ ನ್ಯಾನೋಸೆಕೆಂಡ್‌ನ ಹತ್ತು ಲಕ್ಷದಲ್ಲೊಂದು ಪಾಲು. 4 ನ್ಯಾನೋಸೆಕೆಂಡ್‌ನ ಪಲ್ಸ್ ಗಾಳಿಯಲ್ಲಿ ಹೋಗುವಾಗ ಅದರ ಉದ್ದ ಸುಮಾರು 1.2 ಮೀಟರ್. 100 ಫೆಮ್ಟೋಸೆಕೆಂಡ್‌ನದ್ದು 0.03 ಮಿಲಿಮೀಟರ್, ನಮ್ಮ ತಲೆಕೂದಲಿಗಿಂತ ತೆಳು. ಆದರೂ ಉದ್ದದ ಪಲ್ಸ್ ಮಾಡುವುದನ್ನು ಕೈಯಾರೆ ಅಳೆದು ನೋಡಿದರೆ, ಚಿಕ್ಕ ಪಲ್ಸ್ ಯಾಕೆ ಬೇಕಾಯಿತು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಮುಟ್ಟುವ ಮುಂಚೆ

ಇದನ್ನು ಓದಿ ಯಾರಾದರೂ ಹಳೆಯ ಯಂತ್ರ ಬಿಚ್ಚಲು ಕೂತರೆ ಎರಡು ಮಾತು. ಒಂದು, ಈ ಲೇಸರ್‌ನ 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದರೆ ಕಣ್ಣಿನ ಲೆನ್ಸ್ ಅದನ್ನು ನೇರ ರೆಟಿನಾ ಮೇಲೆ ಕೂಡಿಸುತ್ತದೆ. ಗಾಜಿನ ಮೇಲಿಂದ ಚಿಮ್ಮಿದ ಒಂದು ಚೂರು ಸಾಕು, ಆ ಜಾಗದ ದೃಷ್ಟಿ ವಾಪಸ್ ಬರುವುದಿಲ್ಲ. 1064ಕ್ಕೆ ಓ.ಡಿ. (ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 5 ಅಥವಾ ಜಾಸ್ತಿ ಅಂತ ಬರೆದಿರುವ ಲೇಸರ್ ಕನ್ನಡಕ ಕೋಣೆಯಲ್ಲಿರುವ ಎಲ್ಲರಿಗೂ ಬೇಕು, ಬಾಗಿಲಿಗೆ ಚಿಲಕ ಬೇಕು. ಕಿಡಿಯನ್ನು ನಾವು ಪಕ್ಕದಿಂದ ಮೊಬೈಲ್ ಕ್ಯಾಮೆರಾದಲ್ಲೇ ನೋಡಿದ್ದು. ಎರಡು, ಲೇಸರ್‌ಗೆ ಶಕ್ತಿ ತುಂಬುವ ಫ್ಲ್ಯಾಶ್‌ಲ್ಯಾಂಪ್‌ನ ಕೆಪಾಸಿಟರ್ ನೂರಾರು ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸತ್ತಿರುವುದಿಲ್ಲ. ಉದ್ದ ಹಿಡಿಯ ಕೋಲಿಗೆ ದಪ್ಪ ರೆಸಿಸ್ಟರ್ ಕಟ್ಟಿ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಬೇಕು. ಈ ಕೆಲಸ ಗೊತ್ತಿಲ್ಲದವರು ಗೊತ್ತಿರುವವರ ಜೊತೆ ಕೂರಲಿ. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ರಿಪೇರಿ

ಯಂತ್ರ ಆನ್ ಆಗುತ್ತಿತ್ತು. ಗುರಿ ತೋರಿಸುವ ಕೆಂಪು ಚುಕ್ಕಿ ಬರುತ್ತಿತ್ತು, ರೆಡಿ ದೀಪವೂ ಹತ್ತುತ್ತಿತ್ತು. ಜಾಯ್‌ಸ್ಟಿಕ್ ಬಟನ್ ಒತ್ತಿದರೆ ರಿಲೇ ಟಕ್ ಅಂದು ಸುಮ್ಮನಾಗುತ್ತಿತ್ತು. ಹೈ ವೋಲ್ಟೇಜ್ ಪ್ರೋಬ್‌ನಲ್ಲಿ ನೋಡಿದರೆ ದೊಡ್ಡ ಕೆಪಾಸಿಟರ್ ಸರಿಯಾಗಿ ತುಂಬುತ್ತಿದೆ. ಹಾಗಾದರೆ ದೋಷ ಲ್ಯಾಂಪ್‌ನಲ್ಲಿರಬೇಕು, ಇಲ್ಲವೇ ಅದನ್ನು ಎಬ್ಬಿಸುವ ಟ್ರಿಗರ್‌ನಲ್ಲಿ. ಲ್ಯಾಂಪ್‌ನ ತುದಿಗಳು ಸ್ವಲ್ಪ ಕಪ್ಪಾಗಿದ್ದವು, ಅಷ್ಟೇ. ಟ್ರಿಗರ್‌ನ ಎಲೆಕ್ಟ್ರಾನಿಕ್ ಸ್ವಿಚ್ ಆದ ಎಸ್‌ಸಿಆರ್‌ನ ಗೇಟಿಗೆ ಪಲ್ಸ್ ಬರುತ್ತಿತ್ತು. ಟ್ರಿಗರ್ ಕಾಯಿಲ್‌ಗೆ ಕರೆಂಟ್ ಸುರಿಯುವ ಸಣ್ಣ ಕೆಪಾಸಿಟರ್ ಮೇಲೆ 0.22 ಮೈಕ್ರೋಫ್ಯಾರಡ್ ಅಂತ ಬರೆದಿದೆ, ಮೀಟರ್ 0.03 ತೋರಿಸಿತು. ಅದೇ ಕಾರಣ. ಕಾಯಿಲ್‌ನಿಂದ ಕೆಲವು ಸಾವಿರ ವೋಲ್ಟ್ ಬಂದರೆ ಮಾತ್ರ ಲ್ಯಾಂಪ್‌ನೊಳಗಿನ ಕ್ಸೆನಾನ್‌ಗೆ ದಾರಿ ತೆರೆಯುತ್ತದೆ.

ಫ್ಯಾನ್ ಕೆಪಾಸಿಟರ್ ನಮ್ಮೂರಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಬಗೆಯ 630 ವೋಲ್ಟ್ ಪಾಲಿಪ್ರೊಪಿಲೀನ್ ಕೆಪಾಸಿಟರನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿದೆ. ಬೆಸುಗೆ ಹಾಕಿ ಒತ್ತಿದ ಕೂಡಲೇ ಲ್ಯಾಂಪ್ ಹೊಡೆಯಿತು. ಆದರೆ ಲೇಸರ್ ಬರಲಿಲ್ಲ. ಮುಂದಿಟ್ಟ ಕಾರ್ಬನ್ ಪೇಪರ್ ಹಾಗೇ ಇತ್ತು.

ಹಿಂದಿನ ಕನ್ನಡಿಯ ಮೇಲೆ ದೂಳಿನ ಪದರ ಕೂತಿತ್ತು. ಲೆನ್ಸ್ ಟಿಶ್ಯೂ ಮೇಲೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಕನ್ನಡಿಯ ಮೇಲೆ ಒಂದೇ ದಿಕ್ಕಿಗೆ ಎಳೆಯಬೇಕು. ಉಜ್ಜಬಾರದು, ಉಜ್ಜಿದರೆ ಲೇಪ ಹೋಗುತ್ತದೆ. ಆಮೇಲೆ ಜೋಡಣೆ. ಒಂದು ಕಾರ್ಡಿಗೆ ಸೂಜಿತೂತು ಮಾಡಿ, ಅದರ ಮೂಲಕ ಕೆಂಪು ಡಯೋಡ್ ಬೆಳಕನ್ನು ಲೇಸರ್ ಹುಟ್ಟುವ ಯಾಗ್ ಹರಳಿನ ರಾಡ್‌ನ ನಡುವಿಗೆ ಬಿಟ್ಟೆ. ಎರಡು ಕನ್ನಡಿಗಳಿಂದ ವಾಪಸ್ ಬರುವ ಚುಕ್ಕಿಗಳು ಅದೇ ತೂತಿನ ಮೇಲೆ ಬಂದು ಕೂರುವವರೆಗೆ ಅಲೆನ್ ಕೀಯಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ತಾಳ್ಮೆಯ ಕೆಲಸ. ಕೊನೆಗೆ ಕಾರ್ಬನ್ ಪೇಪರ್ ಚಟ್ ಅಂದು ಅದರ ಮೇಲೆ ಗುಂಡನೆಯ ಗುರುತು ಬಿತ್ತು. ಪರಿಚಯದ ಸರ್ವಿಸ್ ಇಂಜಿನಿಯರ್ ಒಬ್ಬರ ಜೌಲ್ ಮೀಟರ್ ತಂದು ಎನರ್ಜಿ ನಾಬ್‌ನ ಅಂಕಿಗಳನ್ನು ತಾಳೆ ನೋಡಿಕೊಂಡೆವು. ಪಲ್ಸ್‌ನ ಉದ್ದವನ್ನು ಮಾತ್ರ ಅಳೆಯಲು ಹೋಗಲಿಲ್ಲ. ನನ್ನ 100 ಮೆಗಾಹರ್ಟ್ಸ್ ಆಸಿಲೋಸ್ಕೋಪ್ (ಸ್ಕೋಪ್) ತಾನೇ ಏಳಲು 3.5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 4 ನ್ಯಾನೋಸೆಕೆಂಡನ್ನು ಅದರಲ್ಲಿ ಅಳೆದರೆ ಬರುವ ಉತ್ತರ ಸ್ಕೋಪ್‌ನದ್ದೇ ಹೊರತು ಲೇಸರ್‌ನದ್ದಲ್ಲ.

ತೊಟ್ಟಿ

ಅಕ್ವೇರಿಯಂ ಅಂಗಡಿಯವರು 10 ಸೆಂಟಿಮೀಟರ್ ಘನದ ಗಾಜಿನ ತೊಟ್ಟಿ ಮಾಡಿಕೊಟ್ಟರು. ಅವರು ಹಾಕುವ ದಪ್ಪ ಗಾಜಿನ ಮೂಲಕ ಫೋಕಸ್ ಮಾಡಿದರೆ ಕಿರಣಗಳು ಒಂದೇ ಜಾಗದಲ್ಲಿ ಕೂಡುವುದಿಲ್ಲ. ಕಿಡಿ ಒಂದರ ಹಿಂದೊಂದು ಎರಡು ಮೂರು ಚುಕ್ಕಿಯಾಗಿ ಒಡೆಯಿತು. ಹಾಗಾಗಿ ಮುಂದಿನ ಗೋಡೆಯಲ್ಲಿ ಕಿಂಡಿ ಕೊರೆಸಿ ಮೈಕ್ರೋಸ್ಕೋಪ್‌ನ ತೆಳು ಕವರ್ ಗ್ಲಾಸ್ ಅಂಟಿಸಿದೆ. ಫೋಕಸ್ ಈ ಕಿಂಡಿಯಿಂದ ಎರಡೂವರೆ ಸೆಂಟಿಮೀಟರ್ ಒಳಗೆ. ಗಾಜಿಗೆ ಹತ್ತಿರ ತಂದರೆ ಪ್ಲಾಸ್ಮಾ ಗಾಜಿನಲ್ಲೇ ಹುಟ್ಟಿ ಕುಳಿ ಬೀಳುತ್ತದೆ. ನೀರಿನೊಳಗೆ ಫೋಕಸ್ ಗಾಳಿಯಲ್ಲಿರುವುದಕ್ಕಿಂತ ಆಳಕ್ಕೆ ಹೋಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2 ಮಿಲಿಜೌಲ್‌ನ ಮೊದಲ ಶಾಟ್‌ಗೇ ಚುರುಕಾದ ಬಿಳಿ ಚುಕ್ಕಿ, ಜೊತೆಗೆ ಗಾಜಿನ ಮೇಲೆ ಉಗುರಿನಿಂದ ಹೊಡೆದಂತೆ ಟಿಕ್ ಶಬ್ದ.

ಈಗ ನನಗೆ ತುಂಬ ಇಷ್ಟವಾದ ಪ್ರಯೋಗ. ಈ ಯಂತ್ರದ ಕ್ಯೂ-ಸ್ವಿಚ್ ಒಂದು ಸಣ್ಣ ಹರಳು. ಮೊದಮೊದಲು ಅದು ಬೆಳಕನ್ನು ಹೀರಿ ಲೇಸರ್ ಆಗದಂತೆ ತಡೆಯುತ್ತದೆ. ರಾಡ್‌ನಲ್ಲಿ ಶಕ್ತಿ ತುಂಬಿ ಬಂದಾಗ ಹರಳು ಹೀರುವುದನ್ನು ನಿಲ್ಲಿಸಿ ಒಮ್ಮೆಗೇ ಪಾರದರ್ಶಕವಾಗುತ್ತದೆ. ತಡೆದಿಟ್ಟಿದ್ದೆಲ್ಲಾ ಕೆಲವೇ ನ್ಯಾನೋಸೆಕೆಂಡ್‌ನಲ್ಲಿ ಹೊರಗೆ ಬರುತ್ತದೆ. ಆ ಹರಳನ್ನು ಜಾರಿಸಿ ಹೊರತೆಗೆದೆ. ಜೌಲ್ ಮೀಟರ್‌ನಲ್ಲಿ ಅಷ್ಟೇ 2 ಮಿಲಿಜೌಲ್ ಬರುವಂತೆ ನಾಬ್ ಹೊಂದಿಸಿ ನೀರಿಗೆ ಹೊಡೆದೆ. ಏನೂ ಇಲ್ಲ. ಕಿಡಿ ಇಲ್ಲ, ಶಬ್ದ ಇಲ್ಲ. ಎನರ್ಜಿ ಅಷ್ಟೇ, ಫೋಕಸ್ ಅದೇ, ನೀರೂ ಅದೇ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 2 ಮಿಲಿಜೌಲ್ 4 ನ್ಯಾನೋಸೆಕೆಂಡ್‌ನಲ್ಲಿ ಬಂದರೆ 5 ಲಕ್ಷ ವಾಟ್. ಅದು 10 ಮೈಕ್ರೋಮೀಟರ್ ಅಗಲದ ಚುಕ್ಕಿಗೆ ಕೂಡಿದರೆ ಚದರ ಸೆಂಟಿಮೀಟರಿಗೆ ಸುಮಾರು 60,000 ಕೋಟಿ ವಾಟ್. ಹರಳು ಇಲ್ಲದಿದ್ದಾಗ ಅಷ್ಟೇ ಎನರ್ಜಿ 100 ಮೈಕ್ರೋಸೆಕೆಂಡ್ ಹೊತ್ತು ಚೂರುಚೂರಾಗಿ ಸುರಿಯುತ್ತದೆ, ಸರಾಸರಿ ಚದರ ಸೆಂಟಿಮೀಟರಿಗೆ ಎರಡೂವರೆ ಕೋಟಿ ವಾಟ್. ನ್ಯಾನೋಸೆಕೆಂಡ್ ಪಲ್ಸ್‌ಗೆ ನೀರು ಒಡೆಯುವ ಮಿತಿ 10,000 ಕೋಟಿ ವಾಟ್‌ನ ಆಸುಪಾಸು. ಎನರ್ಜಿ ಎಷ್ಟು ಅನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಎಂ.ಎಸ್ಸಿ. ಹುಡುಗಿಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ಆದರೂ ಹರಳನ್ನು ತಾನೇ ತೆಗೆದು, ತಾನೇ ಹಾಕಿ, ಮತ್ತೆ ಮತ್ತೆ ನೋಡಿದಳು.

ಯಾವ ನೀರು?

ಹರಳು ವಾಪಸ್ ಹಾಕಿ, ನಾಬನ್ನು ಕಿಡಿ ಬರುವ ಅಂಚಿಗೆ ಇಳಿಸಿದೆವು. ಆಗ ಶುರುವಾಯಿತು ನಿಜವಾದ ವಿಷಯ.

"ಮಾವ, ಈ ಸಲ ಬರ್ಲಿಲ್ಲ. ನಾನು ನಾಬ್ ಮುಟ್ಟೇ ಇಲ್ಲ."

"ಮುಟ್ಟಬ್ಯಾಡವ್ವ. ಹಂಗೇ ಇನ್ನೊಂದು ಹೊಡಿ."

"ಈಗ ಬಂತು ನೋಡು!"

ಅದೇ ಎನರ್ಜಿಗೆ ಒಂದು ಶಾಟ್‌ನಲ್ಲಿ ಕಿಡಿ, ಮುಂದಿನದರಲ್ಲಿ ಇಲ್ಲ. ಲೇಸರ್ ಏರುಪೇರಾಗುತ್ತಿದೆಯಾ ಅಂತ ಮೊದಲು ಅದನ್ನೇ ನೋಡಿದೆವು. ಜೌಲ್ ಮೀಟರ್ ಅಷ್ಟೊಂದು ಏರಿಳಿತ ತೋರಿಸಲಿಲ್ಲ. ಹಾಗಾದರೆ ನೀರನ್ನೇ ಅನುಮಾನಿಸಬೇಕು. ಮನೆಯ ನಲ್ಲಿ ನೀರು, ಪಕ್ಕದ ಬೋರ್‌ವೆಲ್ ನೀರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮತ್ತೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ವಾಟರ್ ತಂದೆವು. ಈ ಬೀದಿಯಲ್ಲಿ ಕೊನೆಯದು ಸಿಗುವುದು ಅತಿ ಸುಲಭ.

ನಲ್ಲಿ ನೀರಿನಲ್ಲಿ ಕಡಿಮೆ ಎನರ್ಜಿಗೇ ಕಿಡಿ ಬಂತು, ಅದೂ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಫೋಕಸ್‌ಗಿಂತ ಮುಂಚೆಯೂ. ಬೋರ್‌ವೆಲ್ ನೀರೂ ಹಾಗೇ. ಅದರಲ್ಲಿ ಕರಗಿದ ಉಪ್ಪು ಜಾಸ್ತಿ, ಆದರೆ ಒಂದು ರಾತ್ರಿ ಅಲುಗಿಸದೆ ಇಟ್ಟು ಮೇಲಿನ ತಿಳಿನೀರು ತೆಗೆದುಕೊಂಡರೆ ನಡತೆ ಎಷ್ಟೋ ಸುಧಾರಿಸಿತು. ಉಪ್ಪು ಅಲ್ಲೇ ಇದೆ, ಕಣಗಳು ತಳಕ್ಕೆ ಹೋಗಿವೆ. ಹಾಗಾಗಿ ಕಿಡಿಗೆ ನೆವ ಕೊಡುತ್ತಿದ್ದದ್ದು ಹೆಚ್ಚಾಗಿ ತೇಲುವ ಸಣ್ಣ ಕಣಗಳೇ ಅಂತ ನನ್ನ ಅಭಿಪ್ರಾಯ. ಸ್ಟೆರೈಲ್ ವಾಟರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಎನರ್ಜಿ ಬೇಕಾಯಿತು, ಕಿಡಿ ಒಂದೇ ಜಾಗದಲ್ಲಿ ನಿಂತಿತು. ಆದರೂ ಅಂಚಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಆಟ ಪೂರ್ತಿ ಹೋಗಲಿಲ್ಲ.

ಯಾಕೆ ಅನ್ನುವುದು ಮೊದಲ ಎಲೆಕ್ಟ್ರಾನ್‌ನ ಕತೆ. ನೀರಿನಿಂದ ಒಂದು ಎಲೆಕ್ಟ್ರಾನ್ ಬಿಡಿಸಲು ಸುಮಾರು 6.5 ಎಲೆಕ್ಟ್ರಾನ್‌ವೋಲ್ಟ್ (ಅಣು ಮಟ್ಟದಲ್ಲಿ ಶಕ್ತಿಯ ಅಳತೆ) ಬೇಕು ಅಂತ ಈ ಲೆಕ್ಕಗಳಲ್ಲಿ ಹಿಡಿಯುತ್ತಾರೆ. ನಮ್ಮ ಲೇಸರ್‌ನ ಒಂದು ಫೋಟಾನ್‌ನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದು 1.17. ಆರು ಫೋಟಾನ್ ಒಂದೇ ಗಳಿಗೆಯಲ್ಲಿ ಒಂದೇ ಕಡೆ ಬಂದು ಬೀಳಬೇಕು. ನಮ್ಮ ತೀವ್ರತೆಯಲ್ಲಿ ಅದು ತೀರಾ ಅಪರೂಪ. ಆದರೆ ಕೊಳೆಯ ಕಣದಲ್ಲಿ ಸಡಿಲವಾಗಿ ಅಂಟಿಕೊಂಡ ಎಲೆಕ್ಟ್ರಾನ್ ಇದ್ದರೆ ಅದು ಸುಲಭವಾಗಿ ಕಿತ್ತು ಬರುತ್ತದೆ. ಹಾಗೆ ಬಂದ ಒಂದು ಎಲೆಕ್ಟ್ರಾನ್ ನೀರಿನ ಅಣುಗಳಿಗೆ ಡಿಕ್ಕಿ ಹೊಡೆಯುತ್ತಾ, ಡಿಕ್ಕಿಯ ಹೊತ್ತಿನಲ್ಲಿ ಬೆಳಕನ್ನು ಹೀರುತ್ತಾ ಶಕ್ತಿ ಕೂಡಿಸಿಕೊಳ್ಳುತ್ತದೆ. ಸಾಕಷ್ಟಾದಾಗ ಇನ್ನೊಂದು ಎಲೆಕ್ಟ್ರಾನನ್ನು ಹೊಡೆದು ಬಿಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಹೋಗುತ್ತದೆ. ನಮ್ಮ ಫೋಕಸ್‌ನಷ್ಟು ಜಾಗದಲ್ಲಿ ದಟ್ಟ ಪ್ಲಾಸ್ಮಾ ತುಂಬಲು ಸುಮಾರು 40 ಸಲ ಇಮ್ಮಡಿಯಾಗಬೇಕು. 4 ನ್ಯಾನೋಸೆಕೆಂಡ್‌ನಲ್ಲಿ ಇಮ್ಮಡಿಯೊಂದಕ್ಕೆ 100 ಪಿಕೋಸೆಕೆಂಡ್, ಅಂದರೆ 0.1 ನ್ಯಾನೋಸೆಕೆಂಡ್, ಸಿಗುತ್ತದೆ. ಧಾರಾಳ ಸಮಯ. ಇಲ್ಲಿ ಕೊರತೆ ಸಮಯದ್ದಲ್ಲ, ಮೊದಲ ಎಲೆಕ್ಟ್ರಾನ್‌ನದ್ದು. ಆ ಶಾಟ್‌ನ ಹೊತ್ತಿಗೆ ಆ ಜಾಗದಲ್ಲಿ ಅದು ಇದ್ದರೆ ಕಿಡಿ, ಇಲ್ಲದಿದ್ದರೆ ಬರೀ ಬೆಳಕು ದಾಟಿ ಹೋಗುತ್ತದೆ.

ಇನ್ನು 100 ಫೆಮ್ಟೋಸೆಕೆಂಡ್ ಪಲ್ಸ್ ತೆಗೆದುಕೊಳ್ಳಿ. ನೀರಿನಲ್ಲಿ ಎಲೆಕ್ಟ್ರಾನ್‌ನ ಎರಡು ಡಿಕ್ಕಿಗಳ ನಡುವೆ ಸುಮಾರು 1 ಫೆಮ್ಟೋಸೆಕೆಂಡ್ ಅಂತರ. 800 ನ್ಯಾನೋಮೀಟರ್ ಫೋಟಾನ್‌ನಲ್ಲಿ 1.55 ಎಲೆಕ್ಟ್ರಾನ್‌ವೋಲ್ಟ್, ಅಂದರೆ ಕಡಿಮೆಯೆಂದರೂ ಐದು ಹೀರಬೇಕು. ಪ್ರತಿ ಡಿಕ್ಕಿಯಲ್ಲೂ ಒಂದೊಂದು ಹೀರಿದರೂ ಒಂದು ಇಮ್ಮಡಿಗೆ 5 ಫೆಮ್ಟೋಸೆಕೆಂಡ್. ಪಲ್ಸ್ ಮುಗಿಯುವುದರೊಳಗೆ ಹೆಚ್ಚೆಂದರೆ 20 ಇಮ್ಮಡಿ. 40 ಆಗುವುದೇ ಇಲ್ಲ. ಒಂದು ಎಲೆಕ್ಟ್ರಾನ್‌ನಿಂದ ಶುರು ಮಾಡಿ ಪ್ಲಾಸ್ಮಾ ಕಟ್ಟಲು ಇಲ್ಲಿ ಸಮಯವೇ ಸಾಲದು, ಅಲ್ವಾ? ಹಾಗಾಗಿ ಚಿಕ್ಕ ಪಲ್ಸ್ ತನ್ನ ಎಲೆಕ್ಟ್ರಾನ್‌ಗಳನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಅದರ ತೀವ್ರತೆ ಚದರ ಸೆಂಟಿಮೀಟರಿಗೆ 10 ಲಕ್ಷ ಕೋಟಿ ವಾಟ್‌ನ ಮಟ್ಟಕ್ಕೆ ಹೋಗುತ್ತದೆ. ಅಲ್ಲಿ ಐದು ಫೋಟಾನ್ ಒಟ್ಟಿಗೆ ಬೀಳುವುದು ಅಪರೂಪವಲ್ಲ. ಬೆಳಕಿನ ವಿದ್ಯುತ್ ಕ್ಷೇತ್ರ ಇನ್ನೂ ಜಾಸ್ತಿಯಾದರೆ ಎಲೆಕ್ಟ್ರಾನ್ ಸುರಂಗ ಹೊಕ್ಕಂತೆ ಹೊರಬರುತ್ತದೆ. ಈ ಎರಡೂ ಒಂದೇ ಲೆಕ್ಕದ ಎರಡು ತುದಿಗಳು ಅಂತ ಸೋವಿಯತ್ ಭೌತವಿಜ್ಞಾನಿ ಕೆಲ್ಡಿಶ್ 1964ರಲ್ಲಿ ತೋರಿಸಿದರು. ಹೀಗೆ ಕೋಟಿಗಟ್ಟಲೆ ಬೀಜದ ಎಲೆಕ್ಟ್ರಾನ್ ಸಿಕ್ಕ ಮೇಲೆ ಕೆಲವೇ ಇಮ್ಮಡಿ ಸಾಕು. ನೀರು ನಲ್ಲಿಯದೋ ಸ್ಟೆರೈಲೋ ಅನ್ನುವುದಕ್ಕೆ ಆಗ ಅಷ್ಟು ಬೆಲೆ ಇಲ್ಲ. ಮಿತಿ ದಾಟಿದರೆ ಪ್ರತಿ ಶಾಟ್‌ಗೂ ಪ್ಲಾಸ್ಮಾ, ದಾಟದಿದ್ದರೆ ಒಂದೂ ಇಲ್ಲ.

ಕಣ್ಣಿನ ಆಪರೇಷನ್‌ಗೆ ಇದರಿಂದ ಆದ ಲಾಭ ದೊಡ್ಡದು. ನ್ಯಾನೋಸೆಕೆಂಡ್‌ನಲ್ಲಿ ನೀರು ಒಡೆಯಲು ಚದರ ಸೆಂಟಿಮೀಟರಿಗೆ ಸುಮಾರು 400 ಜೌಲ್ ಹಿಡಿದರೆ, 100 ಫೆಮ್ಟೋಸೆಕೆಂಡ್‌ಗೆ ಹೆಚ್ಚುಕಡಿಮೆ 1 ಜೌಲ್. ತೀವ್ರತೆ ನೂರು ಪಟ್ಟು ಏರಿದರೂ ಎನರ್ಜಿ ನೂರಾರು ಪಟ್ಟು ಇಳಿಯಿತು. ಮಿಲಿಜೌಲ್ ಹೋಗಿ ಮೈಕ್ರೋಜೌಲ್ ಆಯಿತು, ಸುತ್ತಲಿನ ಜೀವಕೋಶಗಳಿಗೆ ಬೀಳುವ ಏಟೂ ಕಮ್ಮಿಯಾಯಿತು. ಫೆಮ್ಟೋ ಲಾಸಿಕ್ ಅನ್ನುವ ದೃಷ್ಟಿ ತಿದ್ದುವ ಆಪರೇಷನ್‌ನಲ್ಲಿ ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು) ಒಳಗಿನಿಂದ ಕತ್ತರಿಸುವುದು ಇಂಥ ಪಲ್ಸ್‌ಗಳ ಸಾಲಿನಿಂದಲೇ. ಈ ಪಲ್ಸ್‌ಗಳನ್ನು ಕನ್ನಡಿ ಸುಡದಂತೆ ಬಲಪಡಿಸುವ ದಾರಿಯನ್ನು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ 1985ರಲ್ಲಿ ತೋರಿಸಿದರು: ಮೊದಲು ಪಲ್ಸನ್ನು ಉದ್ದಕ್ಕೆ ಎಳೆದು ತೆಳುಮಾಡುವುದು, ಆಮೇಲೆ ಬಲಪಡಿಸುವುದು, ಕೊನೆಗೆ ಮತ್ತೆ ಒತ್ತಿ ಚಿಕ್ಕದು ಮಾಡುವುದು. 2018ರ ನೊಬೆಲ್ ಬಂದಿದ್ದು ಅದಕ್ಕೇ.

ಗುಳ್ಳೆಯ ಗಡಿಯಾರ

ಅಕ್ಕನ ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. ಫೆಮ್ಟೋಸೆಕೆಂಡ್ ಪಲ್ಸ್‌ನಲ್ಲಿ ಮಿತಿಯ ಹತ್ತಿರ ಬಿಳಿ ಕಿಡಿ ಕಣ್ಣಿಗೆ ಕಾಣುವುದೇ ಇಲ್ಲವಂತೆ, ಹಾಗಾದರೆ ನೀರು ಒಡೆಯಿತು ಅಂತ ಹೇಗೆ ಹೇಳುತ್ತಾರೆ? ಉತ್ತರ: ಗುಳ್ಳೆ. ಪ್ಲಾಸ್ಮಾ ಸುತ್ತಲಿನ ನೀರನ್ನು ತಳ್ಳಿ ಆಘಾತ ತರಂಗ ಹೊರಡಿಸುತ್ತದೆ, ಹಿಂದೆಯೇ ಒಂದು ಗುಳ್ಳೆ ಊದುತ್ತದೆ. ಹೊರಗಿನ ಒತ್ತಡ ಅದನ್ನು ಮತ್ತೆ ಅಮುಕಿ ಕುಸಿಸುತ್ತದೆ. ಗುಳ್ಳೆ ಕಂಡರೆ ಒಡೆದಿದೆ ಅಂತ ಅರ್ಥ. ಹಾಗಾದರೆ ನಾವೂ ಗುಳ್ಳೆಯನ್ನೇ ಅಳೆಯೋಣ ಅಂದುಕೊಂಡೆವು.

ಬಜರ್‌ನ ಪೀಜೋ ತಟ್ಟೆ ಇದಕ್ಕೆ ಆಗುವುದಿಲ್ಲ, ಅದು ತನ್ನದೇ ಸ್ವರದಲ್ಲಿ ಗುಂಯ್ ಅನ್ನುತ್ತಾ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್‌ನ ಫಿಲ್ಮ್ ಸೆನ್ಸರ್ ತೆಳು, ಗುಂಯ್ ಅನ್ನುವುದಿಲ್ಲ. ಅದಕ್ಕೆ ತೆಳುವಾಗಿ ಎಪಾಕ್ಸಿ ಹಚ್ಚಿ, ಫಾಯಿಲ್ ಸುತ್ತಿ, ಫಾಯಿಲನ್ನು ಕೇಬಲ್‌ನ ಅರ್ತ್‌ಗೆ ಸೇರಿಸಿ ಫೋಕಸ್‌ನಿಂದ 3 ಸೆಂಟಿಮೀಟರ್ ದೂರ ಇಳಿಬಿಟ್ಟೆ. ಸ್ಕೋಪ್‌ನ ಟ್ರಿಗರ್‌ಗೆ ಲ್ಯಾಂಪ್ ಬಳಸುವಂತಿಲ್ಲ, ಲೇಸರ್ ಹೊರಡುವುದು ಲ್ಯಾಂಪ್ ಹತ್ತಿ ಸ್ವಲ್ಪ ಹೊತ್ತಾದ ಮೇಲೆ. ಚದುರಿದ ಲೇಸರ್ ಬೆಳಕನ್ನು ಹಿಡಿಯುವ ಬಿಪಿಡಬ್ಲ್ಯೂ 34 ಫೋಟೊಡಯೋಡ್ ಆ ಕೆಲಸ ಮಾಡಿತು.

ಪರದೆಯಲ್ಲಿ 20 ಮೈಕ್ರೋಸೆಕೆಂಡ್‌ಗೆ ಮೊದಲ ಮುಳ್ಳು. ನೀರಿನಲ್ಲಿ ಶಬ್ದ 3 ಸೆಂಟಿಮೀಟರ್ ಬರಲು ಹಿಡಿಯುವ ಹೊತ್ತು ಅದೇ. ಆಮೇಲೆ ಹಲವು ಮುಳ್ಳುಗಳು. ಇದರಲ್ಲಿ ಗುಳ್ಳೆ ಕುಸಿದ ಸದ್ದು ಯಾವುದು, ಗೋಡೆಗೆ ಬಡಿದು ವಾಪಸ್ ಬಂದ ಪ್ರತಿಧ್ವನಿ ಯಾವುದು? ನಾಬ್ ತಿರುಗಿಸಿದರೆ ಗೊತ್ತಾಗುತ್ತದೆ. ಪ್ರತಿಧ್ವನಿಗಳು ಇದ್ದಲ್ಲೇ ಇರುತ್ತವೆ. ಎನರ್ಜಿ ಜಾಸ್ತಿ ಮಾಡಿದಂತೆ ಬಲಕ್ಕೆ ಸರಿಯುವ ಮುಳ್ಳು ಒಂದೇ. ಅದೇ ಗುಳ್ಳೆಯದು.

2 ಮಿಲಿಜೌಲ್‌ಗೆ ಮೊದಲ ಮುಳ್ಳಿನಿಂದ ಅದಕ್ಕೆ 150 ಮೈಕ್ರೋಸೆಕೆಂಡ್ ಅಂತರ. ಊದಲು ಅರ್ಧ, ಕುಸಿಯಲು ಅರ್ಧ. ಗುಳ್ಳೆ ಕುಸಿಯುವ ಹೊತ್ತಿನ ಲೆಕ್ಕವನ್ನು ಬ್ರಿಟನ್ನಿನ ಭೌತವಿಜ್ಞಾನಿ ರೇಲಿ 1917ರಲ್ಲೇ ಮಾಡಿಟ್ಟಿದ್ದಾರೆ: 0.915ನ್ನು ತ್ರಿಜ್ಯದಿಂದ ಗುಣಿಸಿ, ನೀರಿನ ಸಾಂದ್ರತೆಯನ್ನು ಒತ್ತಡದಿಂದ ಭಾಗಿಸಿ ಬಂದದ್ದರ ವರ್ಗಮೂಲದಿಂದ ಅದನ್ನು ಗುಣಿಸಬೇಕು. ಪುಸ್ತಕಗಳಲ್ಲಿ ಒತ್ತಡ ಕಡಲ ಮಟ್ಟದ್ದು, 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 92 ಮೈಕ್ರೋಸೆಕೆಂಡ್‌ನಲ್ಲಿ ಕುಸಿಯುತ್ತದೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 94 ಕಿಲೋಪಾಸ್ಕಲ್‌ನ ಆಸುಪಾಸು. ನಮ್ಮ ಸೆಕೆಯಲ್ಲಿ ಬೆಚ್ಚಗಾದ ನೀರಿನ ಆವಿಯ ಒತ್ತಡ ಅದರಿಂದ ಇನ್ನೂ ಸುಮಾರು 4 ಕಳೆಯುತ್ತದೆ. ಅದೇ ಗುಳ್ಳೆ ನಮ್ಮೂರಲ್ಲಿ 96 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಗುಳ್ಳೆಯ ತ್ರಿಜ್ಯ 0.78 ಮಿಲಿಮೀಟರ್. ಕಡಲ ಮಟ್ಟದ ಅಂಕಿ ಹಾಕಿದ್ದರೆ 0.82 ಬರುತ್ತಿತ್ತು. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಗುಳ್ಳೆಯ ಶಕ್ತಿ ತ್ರಿಜ್ಯದ ಘನಕ್ಕೆ ಹೋಗುತ್ತದೆ, ಅಲ್ಲಿ ವ್ಯತ್ಯಾಸ ದೊಡ್ಡದಾಗುತ್ತದೆ. ನಮ್ಮ ಗುಳ್ಳೆಗೆ ಸೇರಿದ್ದು ಸುಮಾರು 0.18 ಮಿಲಿಜೌಲ್, ಕೊಟ್ಟಿದ್ದರ ಶೇಕಡಾ 9. ಉಳಿದದ್ದು ಆಘಾತ ತರಂಗಕ್ಕೆ, ನೀರನ್ನು ಆವಿ ಮಾಡಲು, ಕಿಡಿಯ ಬೆಳಕಿಗೆ ಹೋಗಿರುತ್ತದೆ. ಪ್ಲಾಸ್ಮಾವನ್ನು ಹಾಗೇ ದಾಟಿ ಹೋದದ್ದೂ ಇರುತ್ತದೆ.

ಇದೇ ಜೋಡಣೆ ಮಾಡುವವರಿಗೆ ಇನ್ನೊಂದು ವಿಷಯ. ದೊಡ್ಡ ಗುಳ್ಳೆ ಕುಸಿದ ಮೇಲೂ ಫೋಕಸ್‌ನ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅನಿಲದ ಗುಳ್ಳೆಗಳು ಉಳಿಯುತ್ತವೆ. ತಕ್ಷಣ ಮತ್ತೆ ಹೊಡೆದರೆ ಅವೇ ಕೊಳೆಯ ಕಣದ ಹಾಗೆ ಅಡ್ಡ ಬಂದು ಮಿತಿಯ ಲೆಕ್ಕ ಕೆಡಿಸುತ್ತವೆ. ಪ್ರತಿ ಶಾಟ್ ಆದ ಮೇಲೆ ಸಿರಿಂಜ್‌ನಿಂದ ಆ ಜಾಗಕ್ಕೆ ಅದೇ ನೀರನ್ನು ಮೆಲ್ಲಗೆ ತಳ್ಳಿ, ಅಲುಗಾಟ ನಿಂತ ಮೇಲೆ ಮುಂದಿನದು ಹೊಡೆಯಿರಿ. ಸಿರಿಂಜ್‌ನಲ್ಲಿ ಗಾಳಿ ಇರಬಾರದು.